ಯಂತ್ರದ ಕ್ರಿಯೆ ಯಾರ ಕರ್ಮ?

ಮನುಷ್ಯನು ತನ್ನ ಕೈಯಾರೆ ಮಾಡಿದ ಕಾರ್ಯಕ್ಕೆ ತಾನೇ ಹೊಣೆಗಾರನೆಂಬುದರಲ್ಲಿ ವಿವಾದವಿಲ್ಲ. ಆದರೆ ಅವನು ನಿದ್ರಿಸುತ್ತಿರುವಾಗ ಅವನ ಮನೆಯ ಯಂತ್ರವೊಂದು ತಾನಾಗಿಯೇ ನಡೆದರೆ ಆ ಕ್ರಿಯೆ ಯಾರದು? ಯಂತ್ರವನ್ನು ಕೊಂಡು ತಂದವನಿಗೂ, ಬಿಡಿಭಾಗಗಳನ್ನು ಕೂಡಿಸಿ ತಾನೇ ಕಟ್ಟಿಕೊಂಡವನಿಗೂ ಈ ಹೊಣೆಯಲ್ಲಿ ವ್ಯತ್ಯಾಸವುಂಟೇ?

ಇದು ಮಹಾನಗರಗಳಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಬೀದರ್ ನಗರದ ಗೃಹಸ್ಥನೂ ನಲ್ಲಿಯ ನೀರನ್ನು ಸಂಪಿನಲ್ಲಿ ತುಂಬಿಸಿಕೊಂಡು, ಮೋಟಾರಿನಿಂದ ಮಾಳಿಗೆಯ ಟ್ಯಾಂಕಿಗೆ ಏರಿಸುತ್ತಾನೆ. ಮೋಟಾರನ್ನು ನಿಲ್ಲಿಸಲು ಮರೆತರೆ ಅಮೂಲ್ಯವಾದ ನೀರು ಬೀದಿಯ ಪಾಲಾಗುತ್ತದೆ. ಇದನ್ನು ತಡೆಯುವ ಸಿದ್ಧ ಸಾಧನಗಳು ಮಾರುಕಟ್ಟೆಯಲ್ಲಿವೆ. ಇಎಸ್‌ಪಿ-8266 ಎಂಬ ಅಗ್ಗದ ಚಿಪ್ 2014ರಲ್ಲಿ ಬಳಕೆಗೆ ಬಂದ ಮೇಲೆ, ಅದಕ್ಕೊಂದು ರಿಲೇ ಮತ್ತು ತೇಲುವ ಸ್ವಿಚ್ಚನ್ನು ಜೋಡಿಸಿ ಆಸಕ್ತನಾದವನು ತಾನೇ ಅಂಥದನ್ನು ಕಟ್ಟಿಕೊಳ್ಳಬಲ್ಲನು. 2013ರಲ್ಲಿ ಆರಂಭವಾದ ‘ಹೋಮ್ ಅಸಿಸ್ಟೆಂಟ್’ ಎಂಬ ಮುಕ್ತ ತಂತ್ರಾಂಶವು ಮನೆಯೊಳಗಿನ ಗಣಕದಲ್ಲಿಯೇ ನಡೆದು, ದೀಪ, ಮೋಟಾರು ಮೊದಲಾದವನ್ನು ನಿಯಂತ್ರಿಸುತ್ತದೆ.

ಕೊಂಡ ವಸ್ತುವಿನ ಒಡೆತನವು ಎಷ್ಟು ದುರ್ಬಲವೆಂಬುದಕ್ಕೆ ಅಮೆರಿಕದ ‘ರಿವಾಲ್ವ್’ ಎಂಬ ಗೃಹನಿಯಂತ್ರಣ ಸಾಧನವು ನಿದರ್ಶನ. ಅದನ್ನು ತಯಾರಿಸಿದ ಸಂಸ್ಥೆಯನ್ನು 2014ರಲ್ಲಿ ಗೂಗಲ್ ಒಡೆತನದ ನೆಸ್ಟ್ ಕೊಂಡುಕೊಂಡಿತು. 2016ರ ಮೇ ತಿಂಗಳಲ್ಲಿ ಅದರ ಸೇವೆಯನ್ನು ನಿಲ್ಲಿಸಿದಾಗ, ಕೆಡದೆ ಇದ್ದ ಸಾಧನಗಳೂ ನಿಷ್ಪ್ರಯೋಜಕವಾದವು. ಹಣ ತೆತ್ತವನು ಪೆಟ್ಟಿಗೆಯ ಒಡೆಯನಾಗಿದ್ದನೇ ಹೊರತು ಅದರ ನಡೆಯ ಒಡೆಯನಾಗಿರಲಿಲ್ಲ.

ಹಾಗೆಂದು ತಾನೇ ಕಟ್ಟುವುದು ತನ್ನಷ್ಟಕ್ಕೆ ಪುಣ್ಯಕಾರ್ಯವೆಂದು ಭ್ರಮಿಸಬಾರದು. ಭಾಲ್ಕಿ, ಔರಾದ್ ತಾಲ್ಲೂಕುಗಳ ಹೊಲಗಳತ್ತ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಅಲ್ಲಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ನಿಗದಿತ ಹೊತ್ತಿನಲ್ಲಿ, ಕೆಲವೊಮ್ಮೆ ಅಪರಾತ್ರಿಯಲ್ಲಿ ಬರುತ್ತದೆ. ಕತ್ತಲೆಯಲ್ಲಿ ಹಾವು ಚೇಳುಗಳ ಭಯದ ನಡುವೆ ಬಾವಿಗೆ ಹೋಗಬೇಕಾದ ರೈತನಿಗೆ ಆಟೋ ಸ್ಟಾರ್ಟರ್ ಪ್ರಾಣರಕ್ಷಕವೇ ಸರಿ. ಆದರೆ ಮೋಟಾರು ಹೊರಡುವ ಕ್ಷಣದಲ್ಲಿ ಎಳೆಯುವ ವಿದ್ಯುತ್ತು ಅದು ಓಡುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು. ಕರೆಂಟು ಬಂದೊಡನೆ ಒಂದೇ ಟ್ರಾನ್ಸ್‌ಫಾರ್ಮರಿನ ಮೋಟಾರುಗಳೆಲ್ಲವೂ ಏಕಕಾಲಕ್ಕೆ ಹೊರಟರೆ ಅದು ಸುಟ್ಟುಹೋಗಬಹುದು. ಆಗ ಪ್ರತಿಯೊಬ್ಬನ ಸೌಕರ್ಯವೂ ಕೂಡಿ ಎಲ್ಲರ ಬೆಳೆಯನ್ನು ಒಣಗಿಸುತ್ತದೆ. ಯಾರೊಬ್ಬನೂ ಕೇಡನ್ನು ಬಯಸಿದವನಲ್ಲ. ಆದರೂ ಕೇಡು ಸಂಭವಿಸಿತು.

ಕೃತ, ಕಾರಿತ, ಅನುಮೋದಿತವೆಂಬ ಹಿರಿಯರ ವಿಭಾಗವು ಇಲ್ಲಿ ದಾರಿ ತೋರುತ್ತದೆ. ತಾನು ಮಾಡಿದ್ದು ಮಾತ್ರವಲ್ಲ, ಮಾಡಿಸಿದ್ದೂ, ಸಮ್ಮತಿಸಿದ್ದೂ ತನ್ನ ಲೆಕ್ಕಕ್ಕೆ ಸೇರುತ್ತವೆ. ಯಂತ್ರಕ್ಕೆ ಸಂಕಲ್ಪವಿಲ್ಲ, ಸಂಕಲ್ಪವು ಅದನ್ನು ನಿಯೋಜಿಸಿದವನದು. ಕೊಂಡವನು ‘ಒಳಗೇನಿದೆಯೋ ತಿಳಿಯದು’ ಎನ್ನಬಹುದು. ಆ ಮಾತು ಅವನ ಹೊಣೆಯನ್ನು ಹಗುರಗೊಳಿಸೀತು, ಅಳಿಸಲಾರದು. ಕಟ್ಟಿದವನಿಗಾದರೋ ಆ ನೆಪವೂ ಇಲ್ಲ. ಆದರೆ ಅವನಲ್ಲಿ ಇನ್ನೊಂದು ಶಕ್ತಿಯಿದೆ: ಕರೆಂಟು ಬಂದ ಬಳಿಕ ತನ್ನ ಮೋಟಾರು ಕೆಲವು ನಿಮಿಷ ತಡೆದು ಹೊರಡುವಂತೆಯೂ, ನೆರೆಯವರದು ಬೇರೆ ಬೇರೆ ಅಂತರದಲ್ಲಿ ಹೊರಡುವಂತೆಯೂ ಅವನು ಹೊಂದಿಸಬಲ್ಲನು. ಅರಿವಿನಿಂದ ಹೊಣೆ ಹೆಚ್ಚುವಂತೆಯೇ ತಿದ್ದಿಕೊಳ್ಳುವ ಸ್ವಾತಂತ್ರ್ಯವೂ ಹೆಚ್ಚುತ್ತದೆ.

ಕಟ್ಟಿದವನಿಗೆ ಇನ್ನೊಂದು ಅಪಾಯವುಂಟು, ಅದು ಅಹಂಕಾರ. ಮಗನು ಜೋಡಿಸಿದ ವ್ಯವಸ್ಥೆಯ ಗುಟ್ಟು ಅವನೊಬ್ಬನಿಗೇ ತಿಳಿದಿದ್ದು, ಅವನು ಹೈದರಾಬಾದಿಗೋ ಬೆಂಗಳೂರಿಗೋ ಹೋದ ದಿನ ವೃದ್ಧ ತಾಯಿ ಕತ್ತಲೆಯಲ್ಲಿ ಕುಳಿತುಕೊಳ್ಳಬೇಕಾದರೆ, ಅಂಥ ಜಾಣ್ಮೆ ಯಾರಿಗೆ ಹಿತ? ಗೋಡೆಯ ಹಳೆಯ ಸ್ವಿಚ್ಚು ಎಂದಿನಂತೆ ಕೆಲಸ ಮಾಡುವಂತಿರಬೇಕು. ದುರಸ್ತಿಯ ವಿಧಾನವನ್ನು ತಿಳಿಗನ್ನಡದಲ್ಲಿ ಬರೆದಿಡಬೇಕು. 230 ವೋಲ್ಟಿನ ಜೋಡಣೆಯನ್ನು ಬಲ್ಲ ಎಲೆಕ್ಟ್ರಿಷಿಯನ್ ಪರೀಕ್ಷಿಸಬೇಕು.

ಬೀದರಿನ ನೆಲದಡಿಯಲ್ಲಿ ಬಹಮನಿ ಅರಸರ ಕಾಲದ ಕರೇಜ್, ಅರ್ಥಾತ್ ಸುರಂಗ ಬಾವಿ, ಇಂದಿಗೂ ಇದೆ. ಇಳಿಜಾರೊಂದರ ಬಲದಿಂದಲೇ ಅದು ನೀರನ್ನು ಸಾಗಿಸಿತು. ಮೋಟಾರೂ ಇಲ್ಲ, ಚಿಪ್ಪೂ ಇಲ್ಲ. ಆದರೆ ಅದಕ್ಕೂ ಹೂಳೆತ್ತುವ ಕೈಗಳು ಬೇಕಿದ್ದವು. ಜನರು ಮರೆತಾಗ ಅದು ಮುಚ್ಚಿಹೋಯಿತು. ನೆನೆದು ಹೂಳೆತ್ತಿದಾಗ ನೀರು ಮತ್ತೆ ಕಂಡಿತು. ತಾನಾಗಿ ನಡೆಯುವ ಯಾವ ವ್ಯವಸ್ಥೆಯೂ ಮನುಷ್ಯನ ಎಚ್ಚರವನ್ನು ಮನ್ನಾ ಮಾಡುವುದಿಲ್ಲ. ಆದುದರಿಂದ ಕೊಳ್ಳಬೇಕೋ ಕಟ್ಟಬೇಕೋ ಎಂಬುದು ಎರಡನೆಯ ಪ್ರಶ್ನೆ. ಯಂತ್ರಕ್ಕೆ ಕೆಲಸವನ್ನು ಒಪ್ಪಿಸಿದ ಬಳಿಕವೂ ಎಚ್ಚರವನ್ನು ತನ್ನಲ್ಲಿಯೇ ಉಳಿಸಿಕೊಂಡೆನೇ ಎಂದು ಗೃಹಸ್ಥನು ತನ್ನನ್ನು ತಾನೇ ಕೇಳಿಕೊಳ್ಳುವುದು ಮೊದಲನೆಯದು.