ಮರೆಮಾಚುವುದೆಲ್ಲ ಅಸತ್ಯವೇ?

ಸತ್ಯವನ್ನೇ ನುಡಿಯಬೇಕೆಂಬ ವಿಧಿಯಲ್ಲಿ ಯಾರಿಗೂ ವಿವಾದವಿಲ್ಲ. ಆದರೆ ನುಡಿಯದೆ ಉಳಿಯುವುದು, ಇರುವುದನ್ನು ತೋರಗೊಡದಿರುವುದು ಅಸತ್ಯವೇ ಎಂದು ಕೇಳಿದರೆ ಬಲ್ಲವರೂ ತಡವರಿಸುತ್ತಾರೆ. ಈ ವಿಚಾರಕ್ಕೆ ಕಾಡಿನ ಕಪ್ಪೆಯೊಂದು ನಮಗೆ ದೃಷ್ಟಾಂತವಾಗಿ ಒದಗುತ್ತದೆ.

ಮಲಯ ಪರ್ಯಾಯದ್ವೀಪ, ಸುಮಾತ್ರಾ, ಬೋರ್ನಿಯೋಗಳ ಮಳೆಕಾಡುಗಳಲ್ಲಿ ಕೊಂಬಿನ ಕಪ್ಪೆಯೊಂದು ಉಂಟು. 1858ರಲ್ಲಿ ಅದನ್ನು ವರ್ಣಿಸಿದ ಜರ್ಮನ್ ಪ್ರಾಣಿಶಾಸ್ತ್ರಜ್ಞ ಹರ್ಮನ್ ಶ್ಲೇಗೆಲ್ ಇಟ್ಟ ಹೆಸರಿನಲ್ಲಿ ‘ನಸೂಟ’ ಎಂಬ ಪದವಿದೆ. ನೀಳವಾದ ಮೂಗುಳ್ಳದ್ದು ಎಂದು ಆ ಲ್ಯಾಟಿನ್ ಪದದ ಅರ್ಥ; ನಮ್ಮ ‘ನಾಸಾ’ ಶಬ್ದಕ್ಕೆ ಅದು ಬಂಧು. ಈ ಕಪ್ಪೆಯ ಮೂಗಿನ ತುದಿಯಲ್ಲಿಯೂ ಕಣ್ಣುಗಳ ಮೇಲೂ ಚರ್ಮವು ಎಲೆಯ ಮೊನೆಯಂತೆ ಚಾಚಿಕೊಂಡಿದೆ. ಮೈಬಣ್ಣ ಒಣಗಿದ ಎಲೆಯದು; ಬೆನ್ನಿನ ಮೇಲಿನ ಏಣುಗಳು ಎಲೆಯ ನರಗಳನ್ನು ಹೋಲುತ್ತವೆ. ಹೆಣ್ಣು ಸುಮಾರು 12 ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಗಂಡು ಅದಕ್ಕಿಂತ ಚಿಕ್ಕದು. ತರಗೆಲೆಗಳ ನಡುವೆ ಅಲುಗದೆ ಕುಳಿತಿತೆಂದರೆ ಪಕ್ಕದಲ್ಲಿ ನಿಂತವರಿಗೂ ಅದು ಕಾಣದು.

ಈ ವೇಷದಿಂದ ಎರಡು ಪ್ರಯೋಜನಗಳು. ತನ್ನನ್ನು ನುಂಗಬಲ್ಲ ಪ್ರಾಣಿಯ ಕಣ್ಣನ್ನು ಅದು ತಪ್ಪಿಸುತ್ತದೆ. ಎಲೆಯೆಂದೇ ಬಗೆದು ಬಳಿಗೆ ಬಂದ ಹುಳುವನ್ನು ತಾನು ನುಂಗುತ್ತದೆ. ಗುರಾಣಿಯೂ ಅದೇ, ಬಲೆಯೂ ಅದೇ.

ಹಾಗಾದರೆ ಕಪ್ಪೆ ವಂಚಕನೇ? ಅಲ್ಲ. ಚಿಪ್ಪಿನಲ್ಲಿ ಬೆಳ್ಳಿಯನ್ನು ಕಂಡವನು ಚಿಪ್ಪನ್ನು ದೂಷಿಸಲಾರನು. ಕಪ್ಪೆ ತನ್ನ ಬಣ್ಣವನ್ನು ಆರಿಸಿಕೊಂಡದ್ದಲ್ಲ. ಅಸಂಖ್ಯ ತಲೆಮಾರುಗಳಲ್ಲಿ ಎಲೆಯನ್ನು ಹೆಚ್ಚು ಹೋಲುವವು ಉಳಿದು ಬಂದುದರ ಫಲವದು. ಸಂಕಲ್ಪವಿಲ್ಲದಲ್ಲಿ ದೋಷವಿಲ್ಲ. ಮನುಷ್ಯನಿಗಾದರೋ ಸಂಕಲ್ಪವುಂಟು. ಆದುದರಿಂದ ತನ್ನ ಮೌನವು ಗುರಾಣಿಯೋ ಬಲೆಯೋ ಎಂಬುದನ್ನು ಅವನು ವಿಚಾರಿಸಿಕೊಳ್ಳಲೇಬೇಕು.

ಕರ್ಣಪರ್ವದ ಕೌಶಿಕನ ಕಥೆ ವಾಚಕರಿಗೆ ತಿಳಿದದ್ದೇ. ದಸ್ಯುಗಳಿಗೆ ಹೆದರಿ ಕಾಡಿನಲ್ಲಿ ಅಡಗಿದವರ ಜಾಡನ್ನು ಅವನು ಸತ್ಯವ್ರತದ ಹೆಸರಿನಲ್ಲಿ ತಿಳಿಸಿದ. ಅಡಗಿದವರು ಹತರಾದರು, ಅವನು ನರಕಕ್ಕೆ ಸಂದ. ಅಲ್ಲಿ ಮೌನವು ಗುರಾಣಿಯಾಗಬೇಕಿತ್ತು. ಸಂನ್ಯಾಸಿಯ ವೇಷದಲ್ಲಿ ಪಂಚವಟಿಗೆ ಬಂದ ರಾವಣನದು ಬಲೆ. ಅತಿಥಿಯೆಂದು ನಂಬಿದವಳ ನಂಬಿಕೆಯಿಂದಲೇ ಅವನು ಅದನ್ನು ಹೆಣೆದ.

ನಮ್ಮ ಮನೆಗಳಿಗೂ ಈ ವಿಚಾರ ದೂರದ್ದಲ್ಲ. ಹಿಂದೆ ವಿವಾಹಸಂಬಂಧದ ಮಾತು ಬಂದಾಗ ಎರಡು ಮನೆತನಗಳನ್ನೂ ಬಲ್ಲ ಹಿರಿಯರು ಊರಿನಲ್ಲಿರುತ್ತಿದ್ದರು. ಇಂದು ದೆಹಲಿಯ ಮನೆಯ ಸಂಗತಿ ಮುಂಬಯಿಯವರಿಗೆ ತಿಳಿಯುವುದು ಬಹುಮಟ್ಟಿಗೆ ಅವರು ಹೇಳಿದಷ್ಟೇ. ವರನ ಅಥವಾ ಕನ್ಯೆಯ ಬಹುಕಾಲದ ವ್ಯಾಧಿ, ತೀರದ ಸಾಲ ಇವುಗಳನ್ನು ಮರೆಸಿ, ವಿವಾಹಾನಂತರ “ಅವರು ಕೇಳಲಿಲ್ಲ, ನಾವು ಹೇಳಲಿಲ್ಲ” ಎನ್ನುವವರುಂಟು. ಒಂದು ಸುಳ್ಳನ್ನೂ ಆಡಿಲ್ಲವೆಂಬ ಸಮಾಧಾನ ಅವರದು. ಆದರೆ ರೈಲ್ವೆಯಲ್ಲಿ ಸೇವೆ ಸಲ್ಲಿಸಿದ ನಾವು ಬಲ್ಲೆವು: ಹಳಿಯ ಬಿರುಕನ್ನು ಕಂಡೂ ತಿಳಿಸದವನು, ಚಾಲಕನು ಕೇಳಲಿಲ್ಲವೆಂದು ಹೇಳಿ ಪಾರಾಗಲಾರನು.

ಹೇಳಿದರೆ ಸಂಬಂಧ ತಪ್ಪೀತಲ್ಲವೇ ಎಂದು ಹೆತ್ತವರು ಕೇಳಬಹುದು. ಅವರ ಸಂಕಟ ಸಣ್ಣದಲ್ಲ. ಸಂಬಂಧ ತಪ್ಪಲೂಬಹುದು. ಆದರೆ ತಪ್ಪೀತೆಂಬ ಆ ಭಯವೇ, ಅದನ್ನು ತಿಳಿಯುವ ಅಧಿಕಾರ ಎದುರಿನವರಿಗೆ ಇದೆ ಎಂಬುದಕ್ಕೆ ಸಾಕ್ಷಿ. ಅದೇ ಸಂಗತಿಯನ್ನು ಬರಿಯ ಕುತೂಹಲದಿಂದ ಕೆದಕುವ ನೆರೆಯವನಿಗೆ ಹೇಳದಿರುವುದರಲ್ಲಿ ದೋಷವಿಲ್ಲ. ಅವನಿಗೆ ಅದರಿಂದ ಆಗಬೇಕಾದುದೇನೂ ಇಲ್ಲ. ಯಾರ ಬದುಕು ನಮ್ಮ ಮಾತನ್ನು ನಂಬಿ ನಿಂತಿದೆಯೋ ಅವರಿಂದ ಮರೆಮಾಚುವುದು ಮಾತ್ರ ಮೌನದ ರೂಪದ ಅಸತ್ಯ.

ಹಗಲೆಲ್ಲ ಎಲೆಯಾಗಿ ಅಡಗಿದ್ದ ಆ ಗಂಡುಕಪ್ಪೆ, ರಾತ್ರಿ ತೊರೆಯ ಬಳಿ ಲೋಹವನ್ನು ಬಡಿದಂತೆ ಗಟ್ಟಿಯಾಗಿ ಕೂಗಿ ತನ್ನ ಇರವನ್ನು ಸಂಗಾತಿಗೆ ಸಾರುತ್ತದೆ. ಅದು ಅದರ ಪ್ರಕೃತಿ, ಧರ್ಮಬುದ್ಧಿಯಲ್ಲ. ಧರ್ಮಬುದ್ಧಿಯುಳ್ಳ ನಾವು ಅಷ್ಟನ್ನಾದರೂ ಮಾಡಬೇಡವೇ?