ಅಳುವುದಕ್ಕೊಂದು ಬೇರೆ ಮನೆ

ನನ್ನ ತಂಗಿಯ ಮಗ ಹತ್ತೊಂಬತ್ತನೇ ವಯಸ್ಸಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಹದಿಮೂರು ದಿನ ಮನೆ ತುಂಬ ಜನ. ಬಂದವರೆಲ್ಲ "ಅವನ ಋಣ ಇಷ್ಟೇ ಇತ್ತು, ಧೈರ್ಯ ತಂದುಕೋ" ಎಂದರು. ವೈಕುಂಠ ಸಮಾರಾಧನೆಯ ಮರುದಿನ ಮನೆ ಖಾಲಿಯಾಯಿತು. ಧೈರ್ಯ ಮಾತ್ರ ಬರಲಿಲ್ಲ.

ಎಂಟು ತಿಂಗಳಾದರೂ ಅವಳು ಊಟಕ್ಕೆ ಅವನ ತಟ್ಟೆಯನ್ನೂ ಇಡುತ್ತಿದ್ದಳು. ನಿದ್ದೆಯಿಲ್ಲ, ತಲೆ ಬಾಚಿಕೊಳ್ಳುವುದೂ ಬೇಡವಾಗಿತ್ತು. ಹೀಗಿರುವಾಗ ಅವಳು ಆಪ್ತ ಸಮಾಲೋಚಕಿಯೊಬ್ಬರ ಹತ್ತಿರ ಹೋಗುತ್ತಿದ್ದಾಳೆಂದು ಅವಳ ಯಜಮಾನರಿಂದ ತಿಳಿಯಿತು. ನಿಜ ಹೇಳುತ್ತೇನೆ, ನನಗೆ ಅವಮಾನವಾದಂತಾಯಿತು. ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರು ನಾವು. ನಾನಿರುವಾಗ ದುಡ್ಡು ಕೊಟ್ಟು ಪರರ ಮುಂದೆ ಅಳುವುದೇ? ಕೇಳಿಯೇಬಿಟ್ಟೆ.

"ಅಕ್ಕಾ, ನಿನ್ನ ಮುಂದೆ ಅತ್ತರೆ ನೀನೂ ಅಳ್ತೀಯ. ಆಮೇಲೆ ನಿನ್ನನ್ನ ಸಮಾಧಾನ ಮಾಡೋದೂ ನನ್ನ ಪಾಲಿಗೇ ಬರುತ್ತೆ. ಅವತ್ತು ಬೆಳಿಗ್ಗೆ ಬೈಕಿನ ಕೀಲಿ ತೆಗೆದುಕೊಟ್ಟವಳು ನಾನೇ ಅಂತ ಈ ಮನೇಲಿ ಯಾರ ಹತ್ತಿರ ಹೇಳಲಿ?"

ನನ್ನಲ್ಲಿ ಉತ್ತರವಿರಲಿಲ್ಲ. ಹೇಳಿದ್ದರೆ ನಾನು ತಕ್ಷಣ "ಛೇ, ನಿನ್ನದೇನು ತಪ್ಪು" ಎಂದು ಅವಳ ಬಾಯಿ ಮುಚ್ಚಿಸುತ್ತಿದ್ದೆ. ಪ್ರೀತಿ ಇರುವಲ್ಲಿ ಕೇಳುವ ತಾಳ್ಮೆಯೂ ಇರುತ್ತದೆಂದು ನಾವು ನಂಬಿದ್ದೇವೆ. ಎಷ್ಟೋ ಸಲ ಪ್ರೀತಿಯೇ ಕಿವಿಗೆ ಅಡ್ಡ ಬರುತ್ತದೆ. ಅವಳ ನೋವನ್ನು ನೋಡಲಾರದೆ ನಾವು "ಮರೆತುಬಿಡು" ಎನ್ನುತ್ತೇವೆ. ಆ ಮಾತು ಸಮಾಧಾನ ಮಾಡುವುದು ಅವಳನ್ನಲ್ಲ, ನಮ್ಮನ್ನು.

ಕಿಸಾಗೌತಮಿಯ ಕಥೆ ನೆನಪಾಗುತ್ತದೆ. ಸಾವಿಲ್ಲದ ಮನೆಯ ಸಾಸಿವೆ ತಾ ಎಂದು ಬುದ್ಧ ಅವಳನ್ನು ಕಳಿಸಿದ. ಸಾವು ಎಲ್ಲರಿಗೂ ಇದೆ ಎಂಬುದೇ ಅದರ ನೀತಿಯೆಂದು ಓದಿದ್ದೆವು. ಆ ಮಾತನ್ನು ಅವನು ಕುಳಿತಲ್ಲೇ ಹೇಳಬಹುದಿತ್ತು. ಹೇಳದೆ, ಅಪರಿಚಿತರ ಬಾಗಿಲುಗಳಿಗೆ ಕಳಿಸಿದ. ಪ್ರತಿ ಹೊಸ್ತಿಲಲ್ಲೂ ಅವಳು ತನ್ನ ಮಗುವಿನ ವಿಷಯ ಹೇಳಬೇಕಾಯಿತು, ಅವರದನ್ನು ಕೇಳಬೇಕಾಯಿತು.

ಹಾಗಾದರೆ ದುಃಖ ಒಂದು ಕಾಯಿಲೆಯೇ? ಅಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯೂ ಎಲ್ಲ ಶೋಕವನ್ನು ರೋಗ ಎನ್ನುವುದಿಲ್ಲ. ಆರು ತಿಂಗಳಿಗೂ ಮೀರಿ, ತನ್ನವರ ರೂಢಿಯನ್ನೂ ಮೀರಿ, ನಿತ್ಯದ ಬದುಕೇ ನಡೆಯದಂತೆ ಮಾಡುವ ದುಃಖಕ್ಕೆ ಮಾತ್ರ ಆ ಹೆಸರು. ಆದರೆ ನೆರವು ಕೇಳಲು ರೋಗಿಯಾಗಲೇಬೇಕೆಂದಿಲ್ಲವಷ್ಟೆ.

ಸರಿಯಾದವರು ಸಿಗುವುದು ಮಾತ್ರ ಸುಲಭವಲ್ಲ. ತಂಗಿ ಮೊದಲು ಕಂಡ ವೈದ್ಯರು ಐದು ನಿಮಿಷದಲ್ಲಿ ನಿದ್ದೆ ಮಾತ್ರೆ ಬರೆದರು. ಎರಡನೆಯವರು ವ್ರತ ಹೇಳಿಕೊಟ್ಟರು. ಮೂರನೆಯವರು ಮಗನ ಹೆಸರೇನೆಂದು ಕೇಳಿ ಸುಮ್ಮನೆ ಕುಳಿತರಂತೆ. ಮನೋವೈದ್ಯರು ಔಷಧಿ ಬರೆಯಬಲ್ಲವರು. ಚಿಕಿತ್ಸಾ ಮನೋವಿಜ್ಞಾನಿಗಳು ಮಾತಿನ ಮೂಲಕ ಚಿಕಿತ್ಸೆ ನೀಡುವವರು, ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಆಪ್ತ ಸಮಾಲೋಚನೆ ಎಂಬ ಬೋರ್ಡು ಕಂಡಾಗ, ಎಲ್ಲಿ ಕಲಿತಿರಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಹೊಂದಿಕೆಯಾಗದಿದ್ದರೆ ಬೇರೆಯವರನ್ನು ಹುಡುಕುವುದೂ ತಪ್ಪಲ್ಲ. ಊರಿನಲ್ಲಿ ಯಾರೂ ಇಲ್ಲದಿದ್ದರೆ, 2022ರ ಅಕ್ಟೋಬರಿನಲ್ಲಿ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಊರಿಗೆಲ್ಲ ಗೊತ್ತಾದೀತೆಂಬ ಅಂಜಿಕೆ ನಮ್ಮಂಥ ಊರುಗಳಲ್ಲಿ ಸಹಜ. ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕೆಂಬ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ಕೊಟ್ಟಿದೆ.

ತಂಗಿಯ ದುಃಖ ಹೋಗಿಲ್ಲ, ಹೋಗುವುದೂ ಬೇಡ ಎನ್ನುತ್ತಾಳೆ ಅವಳು. ತಲೆ ಬಾಚಿಕೊಳ್ಳುತ್ತಾಳೆ, ಮಗನ ಹೆಸರು ಹಿಡಿದು ಮಾತಾಡುತ್ತಾಳೆ. ಪ್ರತಿ ಗುರುವಾರ ಅವಳು ಅಲ್ಲಿಗೆ ಹೋದಾಗ ನಾನು ಅವಳ ಮನೆಗೆ ಹೋಗಿ ಸಾರು, ಪಲ್ಯ ಮಾಡಿಟ್ಟಿರುತ್ತೇನೆ. ಬಂದ ಮೇಲೆ ಇಬ್ಬರೂ ಊಟ ಮಾಡುತ್ತೇವೆ. ಅಲ್ಲಿ ಏನು ಹೇಳಿದೆ ಎಂದು ನಾನು ಕೇಳುವುದಿಲ್ಲ.