ಟವೆಲ್ ಕೆಳಗಿನ ಬೆಲೆ

ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ಶಿವರಾತ್ರಿಯ ಸುಮಾರಿಗೆ ದನಗಳ ಜಾತ್ರೆ ಕೂಡುತ್ತದೆ. ಹಳೇ ಮೈಸೂರು ಸೀಮೆಯ ಇಂಥ ಜಾತ್ರೆಗಳಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳದೆ ವ್ಯಾಪಾರ ಕುದುರಿಸುವ ರೂಢಿಯುಂಟು. ಕೈಮೇಲೆ ಟವೆಲ್ ಹಾಕಿಕೊಂಡು, ಅದರಡಿ ಬೆರಳು ಹಿಡಿದು, ಮಡಿಸಿ, ಅದುಮಿ ಬೆಲೆ ಕಟ್ಟುತ್ತಾರೆ. ವ್ಯಾಪಾರ ನಡೆಯುತ್ತಿರುವುದು ಸುತ್ತಲಿನವರಿಗೆ ಕಾಣುತ್ತದೆ, ಎಷ್ಟಕ್ಕೆ ಎಂಬುದು ಕಾಣುವುದಿಲ್ಲ. ಅದಕ್ಕಾಗಿ ಯಾರೂ ಅವರನ್ನು ಕಳ್ಳರೆನ್ನುವುದಿಲ್ಲ. ರೈತನ ಗರಜು ಎಷ್ಟೆಂದು ಬಯಲಾದರೆ ಮುಂದಿನ ಗಿರಾಕಿ ಅದನ್ನೇ ಹಿಡಿದು ಜಗ್ಗುತ್ತಾನೆ.

ಮೊಬೈಲಿನ ಎನ್‌ಕ್ರಿಪ್ಷನ್ ಮಾಡುವುದೂ ಇದನ್ನೇ, ಇನ್ನೂ ಬಿಗಿಯಾಗಿ. ಜಾತ್ರೆಯ ದಲ್ಲಾಳಿಗೆ ಎರಡೂ ಕಡೆಯ ಗುಟ್ಟು ಗೊತ್ತಿರುತ್ತದೆ. ವಾಟ್ಸ್‌ಆ್ಯಪ್, ಸಿಗ್ನಲ್‌ಗಳಲ್ಲಿ ಸಂದೇಶ ಬಿಚ್ಚುವ ಕೀಲಿ ಆಡಿದವರ, ಕೇಳಿದವರ ಫೋನಿನಲ್ಲಷ್ಟೇ ಇರುವುದರಿಂದ ನಡುವಿನ ಕಂಪನಿಗೂ ಅದನ್ನು ಓದಲಾಗದು. ತಪ್ಪು ಮಾಡದವನಿಗೆ ಈ ಮುಚ್ಚುಮರೆ ಏಕೆ ಎಂದು ಕೇಳುವವರಿದ್ದಾರೆ. ಕಾರಣ ಕೊಡಬೇಕಾದವನು ಇಣುಕುವವನು ಎಂಬುದು ನನ್ನ ನಿಲುವು.

ರಾಜ್ಯ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, 86ರ ಇಳಿವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಅದು ಹಕ್ಕೇ ಎಂದಿತು. ಮರುವರ್ಷ ಆಧಾರ್ ಬಹುಪಾಲು ಉಳಿಯಿತು. ಆದರೂ ಖಾಸಗಿ ಬದುಕಿಗೆ ಕೈಹಾಕುವ ಸರ್ಕಾರ ಅದಕ್ಕೆ ಕಾನೂನು, ಕಾರಣ, ಮಿತಿ ತೋರಿಸಲೇಬೇಕಾಯಿತು.

ಎದುರು ವಾದವೂ ಹಗುರದ್ದಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಜನ ಹೈದರಾಬಾದಿನ ಯುವ ಎಂಜಿನಿಯರನ್ನು ಹೊಡೆದು ಕೊಂದರು. ಆ ಮನೆಯವರ ಮುಂದೆ ನಿಂತು ಬೀಗದ ಹಿರಿಮೆ ಹೇಳುವುದು ಸುಲಭವಲ್ಲ. ಇಂಥ ಸಾವುಗಳನ್ನು ಮುಂದಿಟ್ಟುಕೊಂಡೇ, ಸಂದೇಶ ಮೊದಲು ಯಾರಿಂದ ಹೊರಟಿತೆಂದು ಕಂಪನಿಗಳು ಹೇಳಬೇಕೆಂಬ ನಿಯಮ 2021ರಲ್ಲಿ ಬಂತು. ಅದನ್ನು ಪ್ರಶ್ನಿಸಿ ವಾಟ್ಸ್‌ಆ್ಯಪ್ ದೆಹಲಿ ಹೈಕೋರ್ಟಿಗೆ ಹೋಯಿತು. ನಾಳೆ ಯಾವ ಸಂದೇಶದ ಮೂಲ ಬೇಕಾಗುತ್ತದೆಂದು ಇವತ್ತು ಗೊತ್ತಿರುವುದಿಲ್ಲ. ಹಾಗಾಗಿ ಎಲ್ಲರ ಎಲ್ಲ ಮಾತಿಗೂ ಇವತ್ತೇ ಗುರುತು ಹಾಕಿಡಬೇಕು. ಒಬ್ಬ ದುಷ್ಟನಿಗಾಗಿ ಕೋಟ್ಯಂತರ ಮಂದಿಯ ಮೇಲೆ ಮುಂಗಡ ಅನುಮಾನ! ಮುರ್ಕಿಯಲ್ಲಾದರೋ, ಪೊಲೀಸರು ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಸೇರಿ ಹಲವರನ್ನು ಬೀಗ ಮುರಿಯದೆಯೇ ಹಿಡಿದರು. ನೂರು ಕೈಗೆ ಹೋದ ವದಂತಿ ನೂರು ಫೋನಿನಲ್ಲೂ ಇರುತ್ತದಲ್ಲ.

ನನ್ನ ಆತಂಕ ಬೇರೆ ಕಡೆಗಿದೆ. ಎನ್‌ಕ್ರಿಪ್ಷನ್ ಮಾತನ್ನು ಮುಚ್ಚುತ್ತದೆ, ಮಾತಾಡಿದವರನ್ನಲ್ಲ. ಮಾಲೂರಿನ ಕಾರ್ಖಾನೆಯ ಹೆಣ್ಣುಮಗಳು ಪಾಳಿ ಮುಗಿಸಿ ಕಾರ್ಮಿಕ ಸಂಘದವರಿಗೆ ಹತ್ತು ಸಲ ಕರೆ ಮಾಡಿದರೆ, ಆಡಿದ ಮಾತು ತಿಳಿಯದೆಯೂ ಅವಳ ಗುಟ್ಟು ಹೊರಬಿದ್ದಂತೆಯೇ. ಅಂಥ ವಿವರಕ್ಕೆ ಕಾವಲಾಗಬೇಕಿದ್ದ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ, ಬೇಕೆನಿಸಿದ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರದ ಕೈಗೇ ಇತ್ತಿದೆ. ಪುಟ್ಟಸ್ವಾಮಿ 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಈ ವಿನಾಯಿತಿಯನ್ನು ಅವರ ಹೆಸರಿನ ತೀರ್ಪಿನ ಒರೆಗೆ ಹಚ್ಚುವ ಕೆಲಸ ನಮ್ಮ ಪಾಲಿಗಿದೆ.